ಹೆಸರಿನ ಮೊದಲು ಒಂದು ಸ್ಪೇಸ್

13 ಮಾರ್ಚ್ 2012, ಮಂಗಳವಾರ. ಸಂಜೆ 7.40

ಭಾವನ ಹಾರ್ಡ್‌ಡಿಸ್ಕ್ ಟಕ್ ಟಕ್ ಎನ್ನುತ್ತಿದೆ. ತಿಳಿಸಿದವರು ಸ್ವತಃ ಮೋಹನದಾಸ ಭಾವ, ಫೋನಿನಲ್ಲಿ, ನಾನು ಠಾಣೆ ರೈಲು ನಿಲ್ದಾಣದಲ್ಲಿ ಲೋಕಲ್ ಹತ್ತುವಾಗ. ಡೊಂಬಿವಲಿಯಲ್ಲಿ ಇಳಿದವಳು ಮನೆಗೆ ಹೋಗದೆ ನೇರ ಅವರ ಸ್ಟುಡಿಯೊಕ್ಕೆ ಹೋದೆ. ಡಿಸ್ಕಿಗೆ ಕಿವಿಯಿಟ್ಟು ಕೇಳಿದೆ. ನಿಜ.

ಭಾವ ತೆಗೆದ ಮದುವೆಗಳೆಲ್ಲ ಅದೊಂದರಲ್ಲೇ. ಬೇರೆ ಪ್ರತಿ ಇಲ್ಲ. ಹಳೆಯವುಗಳ ಆಲ್ಬಮ್ ಆದರೂ ಅವರವರ ಮನೆಯಲ್ಲಿದೆ. ಕಳೆದ ತಿಂಗಳ ಸಮಿತ್–ದಿಶಾ ಮದುವೆಯದು ಪ್ರಿಂಟೇ ಆಗಿಲ್ಲ. ಕ್ಯಾಮರಾದ ಕಾರ್ಡನ್ನು ಮುಂದಿನ ಮದುವೆಗಾಗಿ ಅಳಿಸಿಯಾಗಿದೆ.

ತಲೆಬಿಸಿ ಅಲ್ಲೇ ಇರುವುದು. ದಿಶಾಳ ಅಜ್ಜ, ಅಂದರೆ ಅವಳ ಅಮ್ಮ, ನಮ್ಮ ಪರಿಚಯದ ದಮಯಂತಿ ಅಕ್ಕನ ತಂದೆ, ಕಳೆದ ವಾರ ತೀರಿಕೊಂಡರು. ಭಾನುವಾರ ಉತ್ತರಕ್ರಿಯೆ. ಕ್ಯಾಮರಾ ಕಂಡರೆ ಎದ್ದು ಹೋಗುತ್ತಿದ್ದ ಮನುಷ್ಯ. ಮನೆಯಲ್ಲಿರುವುದು ರೈಲ್ವೆ ಪಾಸಿನ ಫೋಟೊ ಒಂದೇ, ಅದರಲ್ಲೂ ಅರ್ಧ ಮುಖದ ಮೇಲೆ ಸಿಕ್ಕಾದ ಮುದ್ರೆ. ಮೊಮ್ಮಗಳ ಮದುವೆಯಲ್ಲಿ ಭಾವ ಹೇಗೋ ಒಂದು ಹೊಡೆದಿದ್ದರು. ‘ಅದನ್ನೇ ದೊಡ್ಡದು ಮಾಡಿ ಕೊಡಿ’ ಎಂದು ದಮಯಂತಿ ಅಕ್ಕ ಕೇಳಿದ್ದಾರೆ. ಭಾವ ಹೂಂ ಎಂದಿದ್ದಾರೆ. ಡಿಸ್ಕಿನ ಸಂಗತಿ ಇನ್ನೂ ಹೇಳಿಲ್ಲ.

ಫೋಲ್ಡರ್ ತೆರೆಯಲು ಹೋದರೆ ಕಂಪ್ಯೂಟರ್ ಕಲ್ಲಾಗುತ್ತದೆ. ಮೌಸಿನಿಂದ ಎಳೆದು ಕಾಪಿ ಮಾಡಿದರೆ ಒಂದು ಕೆಟ್ಟ ಫೈಲ್ ಸಿಕ್ಕಿದೊಡನೆ ಇಡೀ ಕೆಲಸ ನಿಲ್ಲುತ್ತದೆ. ಆಫೀಸಿನಲ್ಲಿ ನಾನು ದಿನಾ ರಿಪೋರ್ಟುಗಳನ್ನು ಸ್ಕ್ರಿಪ್ಟ್ ಬರೆದೇ ಸಾಗಿಸುವುದು — ಒಂದೊಂದೇ ತೆಗೆದುಕೋ, ಹೊಸ ಡಿಸ್ಕಿಗೆ ಹಾಕು, ಕೆಟ್ಟಿದ್ದರೆ ಬಿಟ್ಟು ಮುಂದೆ ಹೋಗು. ಅಷ್ಟೇ ತಾನೆ? ನಾನು ಮಾಡುತ್ತೇನೆ ಎಂದುಬಿಟ್ಟೆ.

ಹೊಸ ಡಿಸ್ಕ್ ತರಲು ಭಾವ ಉಲ್ಹಾಸನಗರಕ್ಕೆ ಹೊರಟಾಗಿದೆ.

14 ಮಾರ್ಚ್, ಬುಧವಾರ. ಸಂಜೆ

ಸ್ಕ್ರಿಪ್ಟ್ ಓಡಿತು. ಒಂದು ಮದುವೆಯೂ ದಾಟಲಿಲ್ಲ.

ಪರದೆಯ ಮೇಲೆ ಬಂದದ್ದು: ಲತೀಶ್, ಇಲ್ಲ. ವೆಡ್ಸ್, ಇಲ್ಲ. ಅನುಷ್ಕಾ, ಇಲ್ಲ.

ಭಾವನ ಎಲ್ಲ ಫೋಲ್ಡರುಗಳ ಹೆಸರೂ ಹಾಗೆಯೇ. ಮಂಟಪದ ಬೋರ್ಡಿನಲ್ಲಿ ಇದ್ದಂತೆ — ಲತೀಶ್ ವೆಡ್ಸ್ ಅನುಷ್ಕಾ. ನಡುವೆ ಎರಡು ಕಡೆ ಖಾಲಿ ಜಾಗ, ಸ್ಪೇಸ್. ಫೋಲ್ಡರುಗಳ ಪಟ್ಟಿ ಓದಿದ ಕಂಪ್ಯೂಟರ್ ಜಾಗ ಕಂಡಲ್ಲೆಲ್ಲ ಕತ್ತರಿಸಿ ಮೂರು ಫೋಲ್ಡರ್ ಹುಡುಕಿದೆ. ಆಫೀಸಿನ ಫೈಲುಗಳ ಹೆಸರಿನಲ್ಲಿ ಜಾಗವೇ ಇರುವುದಿಲ್ಲ, ನಡುವೆ ಗೆರೆ ಎಳೆದಿರುತ್ತೇವೆ. ಹಾಗಾಗಿ ಇಷ್ಟು ವರ್ಷ ಗೊತ್ತೇ ಆಗಲಿಲ್ಲ.

ಮಗಳು ಸಂಜನಾ ಕಾಲೇಜಿನಿಂದ ಬಂದವಳು ಇಣುಕಿ ನೋಡಿ, “ಮಮ್ಮೀ, ಲೋಗೋಂ ಕೀ ಶಾದೀ ತೋಡ್ ರಹೀ ಹೋ ಕ್ಯಾ?” ಎಂದಳು, ಜನರ ಮದುವೆ ಮುರಿಯುತ್ತಿದ್ದೀಯಾ ಎಂದು.

“ನೋಡು ಮಾರಾಯ್ತಿ,” ಭಾವ ಅವಳಿಗಲ್ಲ, ನನಗೆ ಹೇಳಿದರು. “ಇಷ್ಟು ವರ್ಷದಲ್ಲಿ ನಾನು ಒಂದು ಮದುವೆಯನ್ನೂ ಹಾಳು ಮಾಡ್ಲಿಲ್ಲ. ನೀನು ಬಂದು ಒಂದೇ ಸಂಜೆಯಲ್ಲಿ ಊರಿಡೀ ಗಂಡ–ಹೆಂಡಿರ ಬಿಡುಗಡೆ ಮಾಡಿಸಿದೆಯಲ್ಲ!”

ನಗು ಬಂತು. ಆದರೆ ಡಿಸ್ಕ್ ಬಿಸಿ. ಟಕ್ ಟಕ್ ಜೋರಾಗಿದೆ. ಎಷ್ಟು ಸಲ ಓಡಿಸಬಹುದೋ ಗೊತ್ತಿಲ್ಲ. ಆರಿಸಿಟ್ಟೆವು.

15 ಮಾರ್ಚ್, ಗುರುವಾರ

ದಾಟುತ್ತಿವೆ! ಮದುವೆಗಳು ಇಡಿಯಾಗಿ ದಾಟುತ್ತಿವೆ!

ಉಪಾಯ ಹೇಳಿದವರು ಬಾಲಪ್ಪ, ಮಾಜಿವಾಡಾದ ನಮ್ಮ ಆಫೀಸಿನ ಸಿಸ್ಟಮ್ಸ್ ವಿಭಾಗದವರು, ಬಿಜಾಪುರದ ಕಡೆಯವರು. ಚಹಾದ ಹೊತ್ತಿಗೆ ಕಾಗದದಲ್ಲಿ ಬರೆದು ತೋರಿಸಿದೆ. ಓದಿ ನಕ್ಕರು.

“ಅಕ್ಕಾರ, ಮದಿವಿ ಮಾಡೀರಿ, ಗಂಟ ಹಾಕಿಲ್ಲ. ಹೆಸರಿನ ಎರಡೂ ಕಡೆ ಡಬಲ್ ಕೋಟ್ ಹಾಕ್ರಿ. ಮತ್ತ ಪಟ್ಟೀನ ಒಂದೊಂದ ಶಬ್ದ ಓದಸಬ್ಯಾಡ್ರಿ, ಒಂದೊಂದ ಸಾಲ ಓದಸ್ರಿ.”

ಉದ್ಧರಣ ಚಿಹ್ನೆ! ಅಪ್ಪ ಸ್ಟೇಷನ್ ಹೊರಗೆ ಕನ್ನಡ ಪೇಪರ್ ಮಾರುತ್ತಿದ್ದರು. ನಾನು ಅಕ್ಷರ ಕಲಿತದ್ದೇ ಆ ಪೇಪರುಗಳಲ್ಲಿ. ಚಿಹ್ನೆಯೊಳಗೆ ಇದ್ದದ್ದು ಹೇಳಿದವರ ಮಾತು, ಅದನ್ನು ಯಾರೂ ಮುಟ್ಟುವಂತಿಲ್ಲ ಎನ್ನುತ್ತಿದ್ದರು. ಕಂಪ್ಯೂಟರಿಗೂ ಅದೇ ನಿಯಮ. ಇಡೀ ಮಧ್ಯಾಹ್ನ ಖುಷಿಯಲ್ಲಿ ಕೆಲಸ ಮಾಡಿದೆ. ಲೋಕಲ್‌ನಲ್ಲಿ ನಿಂತೇ ಬಂದದ್ದು ಗೊತ್ತಾಗಲಿಲ್ಲ.

ಸಂಜೆ ಓಡಿಸಿದೆವು. ಭಾವ ಸ್ಟೂಲಿನ ಮೇಲೆ ಕೂತು, ಮದುವೆ ಮನೆಯ ಬಾಗಿಲಲ್ಲಿ ನಿಂತವರ ಹಾಗೆ, ದಾಟಿದ ಒಂದೊಂದು ಹೆಸರನ್ನೂ ಕೂಗಿದರು. “ಬಂತು! ಜಯಲತಾ–ವಸಂತಕುಮಾರ ಬಂದರು! ಇವರ ಮಗಳು ಈಗ ಶಾಲೆಗೆ ಹೋಗ್ತಾಳೆ ಮಾರಾಯ್ತಿ!”

8.20

ಹೆಚ್ಚುಕಮ್ಮಿ ಎಲ್ಲ ಬಂದವು. ಐದು ಬರಲಿಲ್ಲ. ‘ಅಂಥ ಫೋಲ್ಡರ್ ಇಲ್ಲ.’ ಐದರಲ್ಲಿ ಒಂದು — ಸಮಿತ್ ವೆಡ್ಸ್ ದಿಶಾ.

ಆ ಒಂದು ಹೆಸರನ್ನು ಕೈಯಾರೆ ಟೈಪ್ ಮಾಡಿದೆ. ಕೋಟ್ ಹಾಕಿ, ಸ್ಪೆಲಿಂಗ್ ನೋಡಿ ನೋಡಿ. ಇಲ್ಲ ಎಂದಿತು. ಪಟ್ಟಿಯಲ್ಲಿ ಕಾಣುತ್ತದೆ, ಕರೆದರೆ ಬರುವುದಿಲ್ಲ. ಅಷ್ಟರಲ್ಲಿ ಟಕ್ ಟಕ್ ಶುರುವಾಯಿತು. ಭಾವ ಎದ್ದು ತಂತಿ ಕಿತ್ತರು.

“ಡಿಸ್ಕ್ ಅಲ್ಲೇ ಹೋಗಿದೆ ಕಾಣ್ತದೆ,” ಎಂದರು.

16 ಮಾರ್ಚ್, ಶುಕ್ರವಾರ. ಬೆಳಿಗ್ಗೆ

ಡಿಸ್ಕ್ ಈಗ ಫ್ರಿಜ್ಜಿನಲ್ಲಿದೆ. ಅತ್ತಿಗೆ ತಿಳಿಸಿದರು. ತಂಪಾದರೆ ಸ್ವಲ್ಪ ಹೊತ್ತು ನಡೆಯುತ್ತದೆ ಎಂದು ಭಾವನಿಗೆ ಯಾರೋ ಹೇಳಿದರಂತೆ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ದೋಸೆ ಹಿಟ್ಟಿನ ಪಕ್ಕ ಇಟ್ಟಿದ್ದಾರೆ. “ಹಿಟ್ಟು ತೆಗಿಲಿಕ್ಕೂ ಇವರನ್ನು ಕೇಳ್ಬೇಕು ವಾರಿಜಾ, ಹುಷಾರು ಹುಷಾರು ಅಂತ ಹಿಂದೆಯೇ ಬರ್ತಾರೆ.”

ನಗಲಾಗಲಿಲ್ಲ. ದಮಯಂತಿ ಅಕ್ಕನಿಗೆ ಇವತ್ತು ಹೇಳಲೇಬೇಕು ಎಂದು ಭಾವ ಹೇಳಿದ್ದಾರೆ.

ಸಂಜೆ 6.50, ಲೋಕಲ್‌ನಲ್ಲಿ, ಸೀಟು ಸಿಕ್ಕಿದೆ

ಸಿಕ್ಕಿತು!! ರೈಲು ಕುಲುಕುತ್ತಿದೆ, ಅಕ್ಷರ ಸೊಟ್ಟ.

ಬೋಗಿಯಲ್ಲಿ ಎಲ್ಲರ ಬಾಯಲ್ಲೂ ಕ್ರಿಕೆಟ್, ನೂರನೆಯ ಶತಕ. ನಾನು ಬೆಳಗಿನ ಪೇಪರ್ ಹಿಡಿದು ಸುಮ್ಮನೆ ಕೂತಿದ್ದೆ. ಓದುತ್ತಿರಲಿಲ್ಲ. ಕಣ್ಣು ಅಂಕಣದ ಅಂಚಿನಲ್ಲಿ. ಪ್ರತಿ ಪ್ಯಾರಾದ ಮೊದಲ ಸಾಲು ಚೂರು ಒಳಗೆ ಸರಿದಿದೆ... ನಿನ್ನೆ ಪಟ್ಟಿಯ ಮೇಲ್ತುದಿಯಲ್ಲಿ ಆ ಐದು ಹೆಸರುಗಳು ಹೀಗೆಯೇ ಒಳಗೆ ಸರಿದಿದ್ದವು! ಸ ಅಕ್ಷರದ ಹೆಸರು ಅಕಾರಾದಿಯಲ್ಲಿ ಲತೀಶನಿಗಿಂತ ಮೇಲೆ ಹೇಗೆ?

ಕೂಡಲೇ ಫೋನ್.

“ಭಾವ, ಸಮಿತ್ ಅಂತ ಬರೆಯುವ ಮೊದಲು ಏನಾದರೂ ಹೊಡೆದಿದ್ದೀರಾ?”

“ಇಲ್ಲ. ಏನೂ ಇಲ್ಲ.”

“ಸ್ಪೇಸ್?”

“ಹಾಂ, ಸ್ಪೇಸ್ ಹೊಡೆದಿದ್ದೇನೆ. ಅರ್ಜೆಂಟ್ ಇದ್ದದ್ದಕ್ಕೆಲ್ಲ ಮೊದಲು ಒಂದು ಸ್ಪೇಸ್ ಕೊಡೋದು. ಪಟ್ಟಿಯಲ್ಲಿ ಮೇಲೆ ಬರ್ತದೆ, ಹುಡುಕ್ಬೇಕಾಗಿಲ್ಲ.”

“ಮತ್ತೆ ಏನೂ ಇಲ್ಲ ಅಂದಿರಿ?”

“ಖಾಲಿಯೇ ಅಲ್ವಾ ಮಾರಾಯ್ತಿ? ಖಾಲಿ ಅಂದರೆ ಏನೂ ಇಲ್ಲ ಅಂತಲೇ!”

ಬೋಗಿಯಲ್ಲೇ ಜೋರಾಗಿ ನಕ್ಕುಬಿಟ್ಟೆ. ಪಕ್ಕದ ಹೆಂಗಸು ಸರಿದು ಕೂತಳು. ಅರ್ಜೆಂಟಿನವೇ ಉಳಿದುಹೋದದ್ದು ಅದಕ್ಕೆ! ಸಾಲು ಓದುವ ಆಜ್ಞೆ ತನ್ನಷ್ಟಕ್ಕೆ ಆರಂಭದ ಜಾಗವನ್ನು ಸವರಿ ಹಾಕುತ್ತಿದೆ. ಮತ್ತೆ ಆ ಸವರಿದ ಹೆಸರಿಗೆ ನಾನು ಜೋಪಾನವಾಗಿ ಕೋಟ್ ಹಾಕುತ್ತಿದ್ದೇನೆ.

ಡಿಸ್ಕ್ ಸತ್ತಿಲ್ಲ. ನಾವು ಕರೆದದ್ದು ತಪ್ಪು.

ದಮಯಂತಿ ಅಕ್ಕನಿಗೆ ಫೋನ್ ಮಾಡಬೇಡಿ ಎಂದೆ. ನಾಳೆ ನನಗೆ ರಜೆ.

17 ಮಾರ್ಚ್, ಶನಿವಾರ. ಮಧ್ಯಾಹ್ನ

ಐದೂ ಬಂದವು.

ಬೆಳಿಗ್ಗೆ ಬಾಲಪ್ಪನವರಿಗೆ ಫೋನ್ ಮಾಡಿ ಕೇಳಿಕೊಂಡೆ. ಓದುವ ಆಜ್ಞೆಗಿಂತ ಮೊದಲು ಐಎಫ್‌ಎಸ್ ಎಂಬ ಮೂರು ಇಂಗ್ಲಿಷ್ ಅಕ್ಷರ ಬರೆದು ಸಮ ಚಿಹ್ನೆ ಹಾಕಬೇಕು. ಅದರ ಮುಂದೆ? “ಏನೂ ಬರೀಬ್ಯಾಡ್ರಿ ಅಕ್ಕಾರ. ಎಲ್ಲಿ ಕತ್ತರಸ್ಲಿ ಅಂತ ಅದು ಕೇಳತೈತಿ. ಎಲ್ಲೂ ಬ್ಯಾಡ ಅಂತ ನೀವು ಸುಮ್ಮನ ಇದ್ದಂಗ.” ಏನೂ ಬರೆಯದೆ ಬಿಟ್ಟರೆ ಏನೂ ಇಲ್ಲದ ಜಾಗ ಉಳಿಯುತ್ತದೆ! ಅಪ್ಪ ಇದ್ದಿದ್ದರೆ ಇದನ್ನು ಹೇಳಿ ನಗಿಸುತ್ತಿದ್ದೆ.

ಡಿಸ್ಕ್ ಫ್ರಿಜ್ಜಿನಿಂದ ಬಂತು, ಟವೆಲಿನಲ್ಲಿ ಸುತ್ತಿಕೊಂಡು. ಓಡಿಸಿದೆ. ಸಮಿತ್ ವೆಡ್ಸ್ ದಿಶಾ ಸಾಗತೊಡಗಿತು. ನಡುವೆ ಟಕ್ ಟಕ್. ಕೆಲವು ಫೋಟೊ ಕೆಟ್ಟಿದ್ದವು, ಸ್ಕ್ರಿಪ್ಟ್ ಅವನ್ನು ಬಿಟ್ಟು ಮುಂದೆ ಹೋಯಿತು. ಭಾವ ಈ ಸಲ ಕೂಗಲಿಲ್ಲ. ಗೋಡೆ ಕಡೆ ಮುಖ ಮಾಡಿ ನಿಂತಿದ್ದರು. ಕೊನೆಯ ಸಾಲು ಬಂದು ಸ್ವಲ್ಪದರಲ್ಲೇ ಡಿಸ್ಕ್ ನಿಂತಿತು. ಮತ್ತೆ ಏಳಲಿಲ್ಲ.

ಹೊಸ ಡಿಸ್ಕಿನಲ್ಲಿ ಹುಡುಕಿದೆವು. ಧಾರೆಯ ಫೋಟೊಗಳು. ಊಟದ ಪಂಕ್ತಿ. ಆಮೇಲೆ — ಇದ್ದಾರೆ. ಕುರ್ಚಿಯಿಂದ ಅರ್ಧ ಎದ್ದು, ಬೇಡ ಎಂದು ಬಲಗೈ ಮುಂದೆ ಚಾಚಿ, ಬಾಯಿ ತುಂಬ ನಗು.

ಸಂಜೆ 6

ದಮಯಂತಿ ಅಕ್ಕ ಸ್ಟುಡಿಯೊಕ್ಕೆ ಬಂದು ನೋಡಿದರು. ಡಿಸ್ಕಿನ ಕತೆಯನ್ನು ಭಾವ ಎಲ್ಲ ಹೇಳಿದರು, ಫ್ರಿಜ್ ಸಮೇತ. ಅವರು ಕೇಳಿಸಿಕೊಂಡರೋ ಇಲ್ಲವೋ.

“ಯಾರಿಗೆ ಬೈತಾ ಇದ್ದಾರೆ ಅಪ್ಪ?”

“ನನಗೇ ಅಕ್ಕ. ‘ಯಾವು ಮಾರಾಯಾ, ಯಾವು’ ಅಂದರು. ಸಾಕು ಸಾಕು ಅಂತ ಹೇಳ್ತಾ ನಕ್ಕುಬಿಟ್ಟರು. ಆಗ ಹೊಡೆದೆ.”

ದಮಯಂತಿ ಅಕ್ಕನೂ ನಕ್ಕರು. ನಗುತ್ತಲೇ ಸೆರಗು ಬಾಯಿಗೆ ಹೋಯಿತು.

ಪ್ರಿಂಟ್ ಕಳಿಸಿದ್ದ ಫ್ರೇಮ್ ಅಂಗಡಿಯಿಂದ ಫೋನ್ ಬಂತು. ಕೈ ಅಡ್ಡ ಬರುತ್ತದೆ, ಮುಖ ಮಾತ್ರ ಕತ್ತರಿಸಿ ಇಟ್ಟರೆ ಚಂದ, ಕತ್ತರಿಸಲೇ? ಭಾವ ದಮಯಂತಿ ಅಕ್ಕನ ಮುಖ ನೋಡಿದರು.

“ಕತ್ತರಿಸೋದು ಬೇಡ. ಕೈ ಇರಲಿ. ಕೈ ತೆಗೆದರೆ ಅದು ನಮ್ಮ ಅಪ್ಪನೇ ಅಲ್ಲ.”

18 ಮಾರ್ಚ್, ಭಾನುವಾರ. ಬೆಳಿಗ್ಗೆ 7.30

ಫ್ರೇಮ್ ಸಿದ್ಧ. ಅಂಗಡಿಯವನು ಭಾವನಿಗೆ, ಭಾವ ನನಗೆ ತಿಳಿಸಿದ್ದು. ಎಂಟಕ್ಕೆ ಬಾಗಿಲು ತೆರೆಯುತ್ತಾನೆ. ಒಂಬತ್ತಕ್ಕೆ ದಮಯಂತಿ ಅಕ್ಕನ ಮನೆಗೆ ತಲುಪಿಸುವುದು. ಹತ್ತಕ್ಕೆ ಕಾರ್ಯ ಶುರು. ಕೆಳಗೆ ರಿಕ್ಷಾ ಬಂತು, ಹೊರಟೆ.