ಯೂನಿಫಾರಂ ಮೇಲಿನ ಹೆಸರುಗಳು

‘ಲೇ ಪ್ರಾಸಪ್ಪ’ ಎಂದು ಬಸ್‌ಸ್ಟ್ಯಾಂಡಿನಲ್ಲೇ ಕೂಗಿ ನನ್ನ ಮರ್ಯಾದೆ ತೆಗೆಯುತ್ತಿದ್ದ ಗಂಗಕ್ಕನಿಗೆ,

ನಾನು ಕಡೂರಿನ ಪ್ರೆಸ್ಸಿಗೆ ಸೇರಿದ ಹೊಸದರಲ್ಲಿ ಬರೆದ ಮದುವೆ ಕಾರ್ಡು ನೆನಪಿದೆಯಾ? ‘ಹೋಳಿಗೆಗೆ ತುಪ್ಪ, ಬರದಿದ್ದರೆ ತಪ್ಪು ಕಣಪ್ಪ’ ಎಂದಿದ್ದುದನ್ನು ಓದಿ ನೀನು, “ಈ ಮದ್ವೆ ಮುರಿದ್ರೆ ನೀನೇ ಹೊಣೆ ಕಣೋ” ಎಂದಿದ್ದೆ. ಮುರಿಯಲಿಲ್ಲ. ನಾನೂ ಅದೇ ಪ್ರೆಸ್ಸಿನಲ್ಲೇ ಇದ್ದೇನೆ. ನಿನ್ನ ಶಿವಗಣಾರಾಧನೆಯ ಕಾರ್ಡನ್ನೂ ನಾನೇ ಜೋಡಿಸಿದೆ. ಅದರಲ್ಲಿ ಮಾತ್ರ ಪ್ರಾಸ ಹಾಕಲಿಲ್ಲ. ನೀನು ಹೋಗಿ ಎರಡು ವರ್ಷವಾಯಿತು. ಇವತ್ತು ಬರೆಯುತ್ತಿರುವುದು ನಿನ್ನ ಮಗಳ ವಿಷಯಕ್ಕೆ. ನಾನೊಂದು ತಪ್ಪು ಮಾಡಿದೆ. ಒಂದೋ ಎರಡೋ, ಅದೇ ತಿಳಿಯುತ್ತಿಲ್ಲ.

ಎಸ್ಸೆಸ್ಸೆಲ್ಸಿಯ ಕೊನೆಯ ಪರೀಕ್ಷೆ ಮುಗಿಸಿ, ಮಾರನೆಯ ದಿನವೇ ಸಿಂಚನಾ ಅಜ್ಜಂಪುರದಿಂದ ನಮ್ಮ ಮನೆಗೆ ಬಂದಳು. ಬೆಳಿಗ್ಗೆ ಹತ್ತಕ್ಕೆ ಏಳುವುದು, ತಟ್ಟೆಯ ಮುಂದೆ ಮೊಬೈಲು ಒರಗಿಸಿಟ್ಟು ತಿನ್ನುವುದು, ಏನು ಕೇಳಿದರೂ “ಗೊತ್ತಿಲ್ಲ ಮಾಮ” ಎನ್ನುವುದು. ಮುಂದೆ ಏನು ಓದುತ್ತೀಯ? ಗೊತ್ತಿಲ್ಲ. ಕಾಫಿಯಾ, ಹಾಲಾ? ಗೊತ್ತಿಲ್ಲ. ಒಂದು ದಿನ ತಾನಾಗಿಯೇ ಕೇಳಿದಳು: “ಮಾಮ, ಐದನೇ ಕ್ಲಾಸಿಂದ ಒಂದೇ ಬೆಂಚಲ್ಲಿ ಕೂತವ್ರು, ಬೆಂಚೇ ಇಲ್ದಿದ್ರೆ ಫ್ರೆಂಡ್ಸಾಗೇ ಇರ್ತಾರಾ?” ನಾನು ‘ಬೆಂಚು ಹೋದರೇನು, ನಂಟು...’ ಎಂದು ಶುರುಮಾಡಿ ಮುಂದೆ ಹೊಂದದೆ ನಿಲ್ಲಿಸಿದೆ. ಅವಳು ಕಾಯಲೂ ಇಲ್ಲ.

ಅವಳ ಚೀಲದ ತಳದಲ್ಲಿ ಶನಿವಾರದ ಬಿಳಿ ಯೂನಿಫಾರಂ ಕಂಡಾಗ, ಅಕ್ಕಾ, ನನಗೆ ಮೊದಲು ಕಂಡದ್ದು ಮಸಿ. ಬೆನ್ನು, ತೋಳು, ಎಲ್ಲ ಕಡೆ ನೀಲಿ, ಕೆಂಪು. ಪರೀಕ್ಷೆ ಮುಗಿದ ದಿನ ಒಬ್ಬರ ಬಟ್ಟೆಯ ಮೇಲೆ ಒಬ್ಬರು ಹೆಸರು ಬರೆಯುತ್ತಾರೆಂದು ನನಗೇನು ಗೊತ್ತು? ಯೂನಿಫಾರಮ್ಮನ್ನು ಪಕ್ಕದ ಮನೆ ಹುಡುಗಿಗೆ ಕೊಡೋಣ ಎಂದು ಭಾವ ಫೋನಿನಲ್ಲಿ ಹೇಳಿದ್ದರು. ಇಪ್ಪತ್ತು ವರ್ಷ ಪ್ರೆಸ್ಸಿನಲ್ಲಿದ್ದವನಿಗೆ ಮಸಿ ತೆಗೆಯುವುದೊಂದು ವಿದ್ಯೆಯಾ? ಸ್ಪಿರಿಟ್ ಹಚ್ಚಿದೆ, ನಿಂಬೆಹಣ್ಣು ಉಜ್ಜಿದೆ, ಬಟ್ಟೆಗೆ ಹಾಕುವ ನೀಲಿಯಲ್ಲಿ ಅದ್ದಿ ಹರವಿದೆ. ಹಾಲಿನಂತೆ ಬೆಳ್ಳಗಾಯಿತು. ಹೆಂಡತಿಯ ಮುಂದೆ ಜಂಭ ಕೊಚ್ಚಲು ಶಾಂತಾಳನ್ನು ಕರೆದು ತೋರಿಸಿದೆ. ಅವಳು ಎದೆಯ ಮೇಲೆ ಕೈಯಿಟ್ಟುಕೊಂಡಳು. “ಒಂದು ಲೋಟ ತೊಳೀದೋರು ಇವತ್ತೇ ಯಾಕ್ರೀ ಒಗೆಯೋಕ್ ಹೋದ್ರಿ?”

ಸಿಂಚನಾ ಅಳಲಿಲ್ಲ. ತಂತಿಯ ಮೇಲಿನ ಬಟ್ಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಆಮೇಲೆ ಮೆಲ್ಲಗೆ, “ಅಮ್ಮನ ನೈಟೀನೂ ಹಿಂಗೇ ಮಾಡಿದ್ರಿ ಮಾಮ. ದಿಂಬಿನ ಕೆಳಗೆ ಇಟ್ಕೊಂಡಿದ್ದೆ. ವಾಸನೆ ಇತ್ತು” ಎಂದಳು.

ನಿನ್ನ ಕಾರ್ಯದ ಹಿಂದಿನ ದಿನ ಮನೆಯ ಬಟ್ಟೆಯೆಲ್ಲ ಒಗೆಯಬೇಕೆಂದು ಹಿರಿಯರು ಹೇಳಿದ್ದರು. ಮೂಲೆಮೂಲೆ ಹುಡುಕಿ ತಂದು ಒಗೆಸಿದವನು ನಾನೇ. ಆ ದಿಂಬು ಎತ್ತಿದ ನೆನಪೂ ನನಗಿಲ್ಲ. ಎರಡು ವರ್ಷ ಈ ಹುಡುಗಿ ಒಂದು ಮಾತೂ ಆಡದೆ...

ಮುಂದಿನ ಭಾನುವಾರ ಅದೇ ಯೂನಿಫಾರಂ, ನಾಲ್ಕು ಸ್ಕೆಚ್‌ಪೆನ್ನು ತೆಗೆದುಕೊಂಡು ಇಬ್ಬರೂ ಬಸ್ಸು ಹತ್ತಿದೆವು. ಅಜ್ಜಂಪುರದಲ್ಲಿ ಮನೆಮನೆ ತಿರುಗಿದೆವು. ಹೆಸರು ಬರೆಸಲು ಬಂದ ನನ್ನನ್ನು ಒಬ್ಬಾಕೆ ಜನಗಣತಿಯವನೆಂದುಕೊಂಡು, “ನಮ್ಮನೇಲಿ ಆರು ಜನ, ಒಂದು ಎಮ್ಮೆ” ಎಂದಳು. ಒಂಬತ್ತು ಮಕ್ಕಳು ಸಿಕ್ಕರು. ಅಲ್ಲಿಂದ ತರೀಕೆರೆಗೆ ಹೋದೆವು. ಪಕ್ಕದಲ್ಲೇ ಕೂರುತ್ತಿದ್ದ ನಿಸರ್ಗ ರಜೆಗೆ ಅಜ್ಜಿ ಮನೆಯಲ್ಲಿದ್ದಳು. ಅವಳು ಪೆನ್ನು ಹಿಡಿದು ಯೋಚಿಸಿದಳು. “ಮೊದ್ಲು ಏನ್ ಬರ್ದಿದ್ದೆ ಕಣೇ? ನಂಗೇ ನೆನಪಿಲ್ಲ.”

“ನಂಗಿದೆ. ಹೇಳಲ್ಲ. ಈಗ ಬಂದಿದ್ ಬರಿ.”

ಅವಳು ಬರೆದದ್ದು ‘ನನ್ನ ಜಾಮಿಟ್ರಿ ಬಾಕ್ಸ್ ವಾಪಸ್ ಕೊಡೇ’. ಇಬ್ಬರೂ ಬಿದ್ದು ಬಿದ್ದು ನಕ್ಕರು. ಕಡೂರಿಗೆ ಬರುವ ಬಸ್ಸಿನಲ್ಲಿ ಸಿಂಚನಾ, “ಇದು ಅದಲ್ಲ ಮಾಮ. ಆದ್ರೂ ಪರವಾಗಿಲ್ಲ” ಎಂದಳು. ಕ್ಷಮಿಸಿದಳೋ, ಸುಮ್ಮನೆ ದಣಿದಿದ್ದಳೋ? ನಿನಗಾದರೆ ಮುಖ ನೋಡಿದ ತಕ್ಷಣ ತಿಳಿಯುತ್ತಿತ್ತು.

ಮನೆಗೆ ಬಂದವನು ಬೀರು ತೆಗೆದೆ. ಕೊನೆಯ ಸಲ ಬಂದಾಗ ನೀನು ಬಿಟ್ಟುಹೋದ ಕಂದು ಸ್ವೆಟರ್ ಅಲ್ಲಿತ್ತು. ನನ್ನ ಸೋಮಾರಿತನದಿಂದ ಅದಕ್ಕೆ ನೀರು ಸೋಕಿರಲಿಲ್ಲ. ದೊಡ್ಡ ಕಾಣಿಕೆಯಂತೆ ಅವಳ ಕೈಗಿಟ್ಟೆ. ಮುಖಕ್ಕೆ ಒತ್ತಿಕೊಂಡಳು. “ನುಸಿಗುಳಿಗೆ ವಾಸನೆ ಮಾಮ” ಎಂದಳು. ಆದರೆ ಹಿಂದಕ್ಕೆ ಕೊಡಲಿಲ್ಲ.

ನಿನಗೆ ತಿಳಿಯದ ಸುದ್ದಿ ಇದು: ಅವಳು ಪಾಸಾದಳು. ಕಾಮರ್ಸ್ ಎಂದು ತಾನೇ ಬರೆದುಕೊಟ್ಟಳು, ಯಾಕೆಂದು ಕೇಳಿದರೆ ಮತ್ತೆ ಗೊತ್ತಿಲ್ಲ. ಈಗ ನಮ್ಮ ಮನೆಯಿಂದಲೇ ಕಾಲೇಜಿಗೆ ಹೋಗುತ್ತಾಳೆ, ದಿನವೂ ನಿನ್ನ ಸ್ವೆಟರ್ ಹಾಕಿಕೊಂಡು. ನಿನ್ನೆ ಹೊಸ ಗೆಳತಿಯರ ಜೊತೆ ಬೋಂಡಾ ತಿಂದು ತೋಳಿಗೆಲ್ಲ ಚಟ್ನಿ ಮಾಡಿಕೊಂಡು ಬಂದಿದ್ದಾಳೆ. ಇವತ್ತು ಬೆಳಿಗ್ಗೆ ಅದನ್ನು ನನ್ನ ಕೈಗೆ ಕೊಟ್ಟು, “ಒಗ್ದಿಡಿ ಮಾಮ, ನಾಳೆಗೆ ಬೇಕು” ಎಂದು ಹೊರಟೇಬಿಟ್ಟಳು.

ನಾನು ಪ್ರೆಸ್ಸಿಗೆ ಹೋಗಿಲ್ಲ. ಬಕೆಟ್ಟಿನಲ್ಲಿ ನೀರು ತುಂಬಿದೆ, ಸ್ವೆಟರ್ ನನ್ನ ತೊಡೆಯ ಮೇಲಿದೆ. ನಾನೂ ಒಂದು ಸಲ ಮೂಸಿ ನೋಡಿದೆ. ಚಟ್ನಿ, ನುಸಿಗುಳಿಗೆ, ಅವಳು ತಲೆಗೆ ಹಚ್ಚುವ ಎಣ್ಣೆ. ನೀನು ಎಲ್ಲಾದರೂ... ಗೊತ್ತಾಗಲಿಲ್ಲ ಅಕ್ಕಾ. ಬಿಸಿಲು ಚೆನ್ನಾಗಿದೆ. ಅವಳು ಬರುವುದರೊಳಗೆ ಒಗೆದು ಹರವುತ್ತೇನೆ.

ನಿನ್ನ ತಮ್ಮ,
ಶಿವು