ಬಟ್ಟೆ ಮುಗಿದ ಮೇಲಿನ ಲೆಕ್ಕ

ಅಂಗಡಿಯಿಂದ,
೧೪ನೇ ತಾರೀಕು, ಗುರುವಾರ ಸಂಜೆ

ನಮ್ಮ ಮನೆಯ ನರ್ಸಮ್ಮನಿಗೆ,

ನಿನ್ನ ಸೊಂಟ ನೋವು ಹೇಗಿದೆ? ಹೋದ ಪತ್ರದಲ್ಲಿ ಅದರ ಸುದ್ದಿಯನ್ನೇ ಎತ್ತಿರಲಿಲ್ಲ, ಅಂದರೆ ಜಾಸ್ತಿಯಾಗಿದೆ ಅಂತ ಅರ್ಥ. ರೋಗಿಗಳಿಗೆ ಹೇಳುವ ಬುದ್ಧಿಮಾತಿನಲ್ಲಿ ಒಂದಿಷ್ಟು ನೀನೂ ಕೇಳು. ನಾನು ಆರಾಮಾಗಿದ್ದೇನೆ. ಶಾಲೆಯ ಯೂನಿಫಾರ್ಮುಗಳ ಹೊಲಿಗೆ ಮುಗಿಯುತ್ತಾ ಬಂತು. ನೀನು ಆ ಊರಿನ ಆಸ್ಪತ್ರೆಗೆ ಹೋದಮೇಲೆ ಮನೆಯ ಕಾರುಬಾರೆಲ್ಲ ಮಗಳದೇ. ಉಪ್ಪಿನ ಡಬ್ಬಿ ಅದರ ಜಾಗದಲ್ಲಿ ಇಲ್ಲದಿದ್ದರೆ ಚಿಕ್ಕ ಯಜಮಾನಿಯಿಂದ ನನಗೆ ಮಂಗಳಾರತಿ. ಕಣ್ಣಿಲ್ಲದವಳಿಗೆ ಡಬ್ಬಿ ಹುಡುಕುವ ಕಷ್ಟ ನನಗೆ ತಿಳಿಯದು ಅಂತ ಅವಳ ತಕರಾರು. ಮಾತು ನಿಜವೇ.

ಈಗ ಶಾಲೆಯ ವಿಷಯ. ಲೆಕ್ಕದಲ್ಲಿ ಹೊಸ ಪಾಠ ಶುರುವಾಗಿದೆ. ಚೌಕುಳಿ ಹಾಳೆಯ ಮೇಲೆ ಎರಡು ಚುಕ್ಕೆ ಇಟ್ಟು ಅವುಗಳ ನಡುವಿನ ದೂರ ಕಂಡುಹಿಡಿಯಬೇಕು. ಲೆಕ್ಕದ ಮೇಷ್ಟ್ರು ಅವಳನ್ನು ಕರೆದು, ಇದು ನೋಡಿ ಮಾಡುವ ಪಾಠ, ನೀನು ಇದನ್ನು ಬಿಡಬಹುದು, ಪರೀಕ್ಷೆಯಲ್ಲಿ ಬದಲಿ ಪ್ರಶ್ನೆ ಕೊಡಿಸುತ್ತೇನೆ ಅಂದರಂತೆ. ಮನುಷ್ಯ ಒಳ್ಳೆಯವರು, ಒಳ್ಳೆಯದಕ್ಕೇ ಹೇಳಿದ್ದು. ಇವಳು ಮನೆಗೆ ಬಂದವಳೇ ಗೋಡೆ ಕಡೆ ತಿರುಗಿ ಮಲಗಿದಳು. ಊಟಕ್ಕೆ ಕರೆದರೆ, "ಇವತ್ತು ಒಂದು ಪಾಠ ಬಿಡಿಸ್ತಾರೆ, ನಾಳೆ ಇನ್ನೊಂದು. ಆಮೇಲೆ ಶಾಲೇನೇ ಬಿಡು ಅಂತಾರೆ" ಅಂದಳು.

ಮರುದಿನ ನಾನೇ ಶಾಲೆಗೆ ಹೋದೆ. ಕೊರಳಲ್ಲಿ ಟೇಪು ಹಾಗೇ ನೇತಾಡುತ್ತಿದ್ದದ್ದು ಗೊತ್ತಾದದ್ದು ಮೇಷ್ಟ್ರು ಅದನ್ನೇ ನೋಡತೊಡಗಿದ ಮೇಲೆ. ಪಾಠವನ್ನು ಮೊದಲು ನನಗೆ ಹೇಳಿಕೊಡಿ ಸಾರ್ ಅಂದೆ. ಪಾಪ, ಟೀ ಆರಿಹೋಗುವವರೆಗೂ ಹೇಳಿಕೊಟ್ಟರು. ಅಡ್ಡಗೆರೆ, ಉದ್ದಗೆರೆ, ಎರಡೂ ಸೇರುವಲ್ಲಿ ಸೊನ್ನೆ. ಸೊನ್ನೆಯಿಂದ ಬಲಕ್ಕೂ ಮೇಲಕ್ಕೂ ಹೋದರೆ ಬರೀ ಅಂಕಿ, ಎಡಕ್ಕೂ ಕೆಳಕ್ಕೂ ಹೋದರೆ ಮೈನಸ್. ಅರ್ಧ ತಲೆಗೆ ಹೋಯಿತು, ಅರ್ಧ ಮೇಲಿಂದ ಹಾರಿತು.

ಕಾಲರಿಗೆ ಹಾಕುವ ದಪ್ಪ ಕ್ಯಾನ್ವಾಸ್ ಬಟ್ಟೆ ತೆಗೆದುಕೊಂಡು ಇಂಚಿಗೊಂದರಂತೆ ಅಡ್ಡ ಉದ್ದ ಹೊಲಿಗೆ ಹಾಕಿದೆ. ನಡುವಿನ ಎರಡು ಗೆರೆಗೆ ಮಾತ್ರ ಕಂಬಳಿ ಹೊಲಿಯುವ ದಾರ. ಸೊನ್ನೆಯಿಂದ ನಾಲ್ಕೂ ಕಡೆಗೆ ಎಂಟೆಂಟು ಮನೆ. ಚುಕ್ಕೆಗೆ ಬದಲು ಷರ್ಟಿನ ಗುಂಡಿ. ಹಳೇ ಟೇಪಿಗೆ ಇಂಚಿಗೊಂದು ಗಂಟು ಹಾಕಿಕೊಟ್ಟೆ. ಒಂದು ಗುಂಡಿಯಿಂದ ಅಡ್ಡಕ್ಕೆ ನಾಲ್ಕು ಮನೆ, ಮೇಲಕ್ಕೆ ಮೂರು ಮನೆ ದೂರದಲ್ಲಿ ಇನ್ನೊಂದು ಗುಂಡಿ ಹೊಲಿದು, ದೂರ ಎಷ್ಟು ಅಂದೆ. ಬೆರಳಾಡಿಸಿ ಏಳು ಅಂದಳು. ಟೇಪು ಓರೆಯಾಗಿ ಎಳೆದು ಗಂಟು ಎಣಿಸಿದರೆ ಐದು. ನಿನ್ನ ಟೇಪೇ ಸುಳ್ಳು ಅಂತ ನನ್ನ ಮೇಲೆ ಹರಿಹಾಯ್ದಳು. ಮೇಷ್ಟ್ರು ಹೇಳಿದ್ದು ನನಗೆ ತಲೆಗೆ ಹೋದದ್ದು ಆಗಲೇ. ನಾಲ್ಕು ನಾಲ್ಕಲೆ ಹದಿನಾರು, ಮೂರು ಮೂರಲೆ ಒಂಬತ್ತು, ಕೂಡಿದರೆ ಇಪ್ಪತ್ತೈದು. ಯಾವುದನ್ನು ಅದರಿಂದಲೇ ಗುಣಿಸಿದರೆ ಇಪ್ಪತ್ತೈದು ಬರುತ್ತದೆ ಅಂತ ಕೇಳಿದೆ. ಅವಳು ಟೇಪನ್ನು ಮತ್ತೊಮ್ಮೆ ಮುಟ್ಟಿ ನೋಡಿದಳು. ಆಮೇಲೆ ಡಬ್ಬಿಯ ಗುಂಡಿಗಳೆಲ್ಲ ಖಾಲಿಯಾಗುವವರೆಗೂ ನನ್ನನ್ನು ಬಿಡಲಿಲ್ಲ. ಗಿರಾಕಿಯೊಬ್ಬರ ಕೋಟು ಈಗಲೂ ಗುಂಡಿಯಿಲ್ಲದೆ ನೇತಾಡುತ್ತಿದೆ.

ಮೊನ್ನೆ ಮಂಗಳವಾರ ಬಟ್ಟೆ ಸಮೇತ ತರಗತಿಗೆ ಹೋದಳು. ಮೇಷ್ಟ್ರ ಒಪ್ಪಿಗೆ ಪಡೆದು ನಾನು ಹಿಂದಿನ ಬೆಂಚಿನಲ್ಲಿ ಕೂತೆ. ಮೇಷ್ಟ್ರು ಕೊಟ್ಟ ಮೊದಲ ಚುಕ್ಕೆ ಮೈನಸ್ ಎರಡು, ಮೈನಸ್ ಒಂದು. ಅವಳ ಬೆರಳು ಎಡಕ್ಕೆ ಹೋಗಿ ಕೆಳಗಿಳಿದು ನಿಂತಿತು. ಎರಡನೆಯದು ಮೂರು, ಹನ್ನೊಂದು. ಬೆರಳು ಬಲಕ್ಕೆ ಬಂದು ಮೇಲೆ ಹತ್ತಿ ಹತ್ತಿ ಎಂಟರಲ್ಲಿ ಬಟ್ಟೆಯ ಅಂಚು ದಾಟಿ ಬರೀ ಮೇಜಿನ ಮೇಲೆ ಬಿತ್ತು. ಮೇಷ್ಟ್ರಿಗೆ ತಪ್ಪಿನ ಅರಿವಾಗಿ, ಬೇಡಮ್ಮಾ, ಬೇರೆ ಕೊಡ್ತೀನಿ ಅಂದರು. ನನಗೆ ಎದ್ದು ಹೋಗಿ ಇವಳನ್ನು ಕರೆದುಕೊಂಡು ಬಂದುಬಿಡೋಣ ಅನ್ನಿಸಿತು. ಇವಳು ಕೈಯನ್ನು ಮಡಿಲಿಗೆ ತಂದುಕೊಂಡು, "ಬಟ್ಟೆ ಮುಗಿದರೆ ಲೆಕ್ಕ ಮುಗಿಯುತ್ತಾ ಸಾರ್?" ಅಂತ ಕೇಳಿದಳು. ಎಡದ ಎರಡು, ಬಲದ ಮೂರು ಸೇರಿ ಐದು. ಕೆಳಗಿನ ಒಂದು, ಮೇಲಿನ ಹನ್ನೊಂದು ಸೇರಿ ಹನ್ನೆರಡು. ಇಪ್ಪತ್ತೈದಕ್ಕೆ ನೂರ ನಲವತ್ನಾಲ್ಕು ಕೂಡಿದರೆ ನೂರ ಅರವತ್ತೊಂಬತ್ತು. ದೂರ ಹದಿಮೂರು ಅಂತ ಬಾಯಲ್ಲೇ ಲೆಕ್ಕ ಹಾಕಿ ಹೇಳಿದಳು. ಮೇಷ್ಟ್ರು ಬೋರ್ಡಿನಲ್ಲಿ ಮಾಡಿ ನೋಡಿ, ಸರಿ, ಕೂತುಕೋ ಅಂದರು. ಅಷ್ಟೇ. ಬದಲಿ ಪ್ರಶ್ನೆಯ ಮಾತು ಮತ್ತೆ ಬಂದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಜೊತೆಯ ದೊಡ್ಡ ಸಿಸ್ಟರಿಗೆ ನಮಸ್ಕಾರ ತಿಳಿಸು.

ಇತಿ,
ನಿನ್ನ ದರ್ಜಿ

ತಾ.ಕ.: ಬರೆಯಬೇಕಾದದ್ದೇ ಉಳಿಯಿತು. ಸೋಮವಾರ ಮಗಳನ್ನು ಕಣ್ಣಿನ ಡಾಕ್ಟರಿಗೆ ತೋರಿಸಿದೆ. ಎಡಗಣ್ಣಿನಲ್ಲಿ ಉಳಿದಿದ್ದ ಚೂರು ಬೆಳಕೂ ಹೋಗಿದೆ, ಇನ್ನು ಬರುವುದಿಲ್ಲ ಅಂದರು. ಹೇಗೆ ಹೇಳಲಿ ಅಂತ ನಾನು ಒದ್ದಾಡುತ್ತಿದ್ದರೆ, ತನಗೆ ಆಗಲೇ ಗೊತ್ತು ಅಂದಳು. ಅಮ್ಮನಿಗೆ ಬರೆಯಬೇಡ, ಕೆಲಸ ಬಿಟ್ಟು ಓಡಿ ಬರ್ತಾಳೆ ಅಂತ ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. ಕೆಲಸ ಬಿಡಬೇಡ. ರಜೆ ಸಿಕ್ಕರೆ ಒಮ್ಮೆ ಬಂದು ಹೋಗು. ಅವಳು ಗಟ್ಟಿಯಾಗಿದ್ದಾಳೆ. ನನ್ನಿಂದ ಆಗುತ್ತಿಲ್ಲ.