ಒಸರಿನ ಬಟ್ಟೆ

ಹಳ್ಳದ ಕೆಳದಂಡೆ
೨೧೮೯, ಆರಿದ್ರಾ ಮಳೆಯ ಮೂರನೇ ದಿನ

ಗೋಕಾವಿಯವರ ದ್ರಾಕ್ಷಿ ತೋಟಕ್ಕೆ ನೀರು ನಿಲ್ಲಿಸುವ ಮಣ್ಣಿನ ಒಡ್ಡಿನ ತಪಾಸಣೆಗೆ ಬಂದಿರುವ ಇಂಜಿನಿಯರ್ ಸಾಹೇಬರಿಗೆ,

ನಿಮಗಿಂತ ನೂರಾ ಅರವತ್ತು ವರ್ಷ ಆಚೆಯಿಂದ ಬರೆಯುತ್ತಿದ್ದೇನೆ. ನನ್ನ ಕೆಲವು ಮಾತು ನಿಮಗೆ ವಿಚಿತ್ರ ಅನ್ನಿಸಬಹುದು, ಕ್ಷಮಿಸಿ. ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ.

ನನ್ನ ಹೆಸರು ಹೂವಕ್ಕ. ಅದೇ ಜಾಗದ ಈಗಿನ ಒಡ್ಡಿಗೆ ನಾನು ಬಟ್ಟೆಗಾತಿ. ನಮ್ಮ ಕಾಲದಲ್ಲಿ ಪ್ರತಿ ಮಣ್ಣಿನ ಒಡ್ಡಿಗೂ ಒಬ್ಬಳು ಇರುತ್ತಾಳೆ. ಅವಳನ್ನು ಆರಿಸುವವರು ಒಡ್ಡಿನ ಕೆಳಗೆ ಬದುಕುವವರು. ಬೆಳಿಗ್ಗೆ ಒಡ್ಡಿನ ಬುಡದಲ್ಲಿ ನೀರು ಒಸರುವ ಕಡೆ ಬಿಳಿ ಬಟ್ಟೆ ಕಟ್ಟುತ್ತೇನೆ, ಮಧ್ಯಾಹ್ನ ಬಿಚ್ಚಿ ಬಿಸಿಲಿಗೆ ಹಿಡಿಯುತ್ತೇನೆ. ಬೆಳ್ಳಗಿದ್ದರೆ ಎಲ್ಲರೂ ಉಣ್ಣಲು ಕೂರುತ್ತಾರೆ. ಮಣ್ಣು ಹತ್ತಿದ್ದರೆ ಒಡ್ಡು ಒಳಗಿನಿಂದ ಕರಗುತ್ತಿದೆ ಎಂದರ್ಥ; ಒಲೆಯ ಮೇಲಿನ ಗಡಿಗೆ ಅಲ್ಲೇ ಬಿಟ್ಟು ದಿಬ್ಬ ಹತ್ತುತ್ತೇವೆ, ತೂಬು ತೆರೆಸುತ್ತೇವೆ. ಮಾಲೀಕ ಬೇಡ ಅನ್ನುವಂತಿಲ್ಲ. ವರ್ಷಕ್ಕೊಮ್ಮೆ ಕೆಳಗಣತಿ, ಅಂದರೆ ಒಡ್ಡಿನ ಕೆಳಗಿರುವವರ ಎಣಿಕೆ. ಅಪಾಯದ ವರ್ಗ ಬರೆಯುವ ಅಧಿಕಾರಿ ಒಡ್ಡಿನ ಮೇಲೆ ನಿಂತು ಬರೆಯುವಂತಿಲ್ಲ. ಕೆಳಗಿನ ಯಾರದಾದರೂ ಅಂಗಳದಲ್ಲಿ ಕೂತು, ರೊಟ್ಟಿ ತಿಂದು, ಒಬ್ಬೊಬ್ಬರ ಹೆಸರು ಕೂಗಿ ಬರೆಯಬೇಕು. ಕೂಸಿಗೆ ಇನ್ನೂ ಹೆಸರಿಟ್ಟಿಲ್ಲದಿದ್ದರೆ ಅಂದೇ ಇಡುತ್ತೇವೆ.

ಇದನ್ನೆಲ್ಲ ನಮಗೆ ಕಲಿಸಿದ್ದು ನಿಮ್ಮ ಇವತ್ತಿನ ದಿನ.

ನೀವು ನಿಂತಿರುವ ಒಡ್ಡಿನ ಕೆಳಗೆ ಆರು ತಗಡಿನ ಶೆಡ್ಡುಗಳಿವೆ. ತೋಟದ ಕೂಲಿಯವರಿಗೆ ಮಾಲೀಕರೇ ತೋರಿಸಿದ ಜಾಗ. ಅಲ್ಲಿ ನೆಲ ತಂಪು, ಬುಡದಲ್ಲಿ ನೀರು ಒಸರುತ್ತದೆ. ಅವರು ಒರತೆ ತೋಡಿ ಅದನ್ನೇ ಕುಡಿಯುತ್ತಾರೆ. ಒಂದು ವಾರದಿಂದ ಆ ನೀರು ರಾಡಿಯಾಗಿದೆ. ಅವರು ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿ ಸೋಸುತ್ತಿದ್ದಾರೆ, ಹತ್ತಿದ ಮಣ್ಣನ್ನು ದಿನಾ ಕೊಡವಿ ಚೆಲ್ಲುತ್ತಿದ್ದಾರೆ. ಅವರು ಚೆಲ್ಲುತ್ತಿರುವುದು ಒಡ್ಡನ್ನು. ಅದನ್ನು ಅವರಿಗೆ ಯಾರೂ ಹೇಳಿಲ್ಲ. ನಿಮಗೆ ಗೊತ್ತಿತ್ತು.

ಆ ಶೆಡ್ಡುಗಳಲ್ಲೊಂದರಲ್ಲಿದ್ದ ಕಸ್ತೂರಿ ನನ್ನ ಮುತ್ತಜ್ಜಿಯ ಮುತ್ತಜ್ಜಿ. ಅವಳು ಹೇಳಿದ್ದನ್ನು ಒಂದು ಅಕ್ಷರ ಬಿಡದೆ ಉಳಿಸಿಕೊಂಡಿದ್ದೇವೆ. ನೀವು ಒಡ್ಡಿನ ಮೇಲೆ ನಿಂತು ಎತ್ತರ ಅಳೆದಿರಿ, ಮುಷ್ಟಿ ತುಂಬ ಒಣದ್ರಾಕ್ಷಿ ತಿಂದಿರಿ. ಕಸ್ತೂರಿಯ ಅತ್ತೆ ಯಂಕವ್ವ ಗಡಿಗೆ ಹೊತ್ತು ಮೇಲೆ ಬಂದಳು.

"ಸಾಹೇಬ್ರ, ನಮ್ಮ ಮನಿನೂ ಬರಕೋರಿ."

"ಡೋರ್ ನಂಬರ್ ಐತೇನವಾ? ಶೆಡ್ಡಿಗೆಲ್ಲಾ ಕಾಲಮ್ ಇಲ್ಲ."

"ಒಡ್ಡು ಒಡದ್ರ ನೀರು ನಂಬರ್ ಓದ್ಕೊಂತ ಬರ್ತೈತೇನ್ರಿ?"

ಸುತ್ತ ನಿಂತವರೆಲ್ಲ ನಕ್ಕರು, ನೀವೂ ನಕ್ಕಿರಿ. ಬಾಯಾರಿತ್ತು, ಅವಳು ಸೋಸಿ ಕೊಟ್ಟ ನೀರು ಕುಡಿದು "ಭಾಳ ತಂಪೈತಿ" ಅಂದಿರಿ. ಆಮೇಲೆ ಬರೆದಿರಿ: ಕೆಳಗೆ ವಾಸವಿಲ್ಲ, ಅಪಾಯದ ವರ್ಗ ಕಡಿಮೆ.

ವರ್ಗ ಎಂದರೆ ಒಡ್ಡು ಗಟ್ಟಿಯೋ ಸಡಿಲವೋ ಎಂಬ ಲೆಕ್ಕವಲ್ಲ, ಒಡೆದರೆ ಯಾರು ಸಾಯುತ್ತಾರೆ ಎಂಬ ಲೆಕ್ಕ. ನಿಮ್ಮ ಕೈಪಿಡಿಯಲ್ಲೇ ಇದೆ, ನಾನು ಓದಿದ್ದೇನೆ. ಕಡಿಮೆ ಎಂದು ಬರೆದದ್ದಕ್ಕೆ ಮುಂದಿನ ತಪಾಸಣೆ ಐದು ವರ್ಷ ಆಚೆಗೆ ಹೋಯಿತು. ಒಡ್ಡು ಒಂಬತ್ತನೇ ದಿನ ಒಡೆಯಿತು. ಕಸ್ತೂರಿ ಮೇಲಿನ ತೋಟದಲ್ಲಿ ಕಳೆ ತೆಗೆಯುತ್ತಿದ್ದಳು, ಉಳಿದಳು. ಹತ್ತೊಂಬತ್ತು ಜನ ಉಳಿಯಲಿಲ್ಲ. ಮಾಲೀಕರು ವಿಚಾರಣೆಯಲ್ಲಿ ನಿಮ್ಮ ಹಾಳೆ ತೋರಿಸಿದರು. ಇಲ್ಲದ ಮನೆಗಳು ಕೊಚ್ಚಿಹೋಗುವುದು ಹೇಗೆ ಎಂದು ಕೇಳಿದರು.

ಈ ಕಾಗದ ನಿಮ್ಮ ಸಹಿ ಇನ್ನೂ ಒಣಗದಿರುವಾಗ ತಲುಪಲಿ. ಒಂದೇ ಕೆಲಸ ಮಾಡಿ. ಯಂಕವ್ವನ ಗಡಿಗೆಯ ಬಟ್ಟೆ ಬಿಚ್ಚಿ ಬಿಸಿಲಿಗೆ ಹಿಡಿಯಿರಿ. ಬರೆದದ್ದನ್ನು ಹೊಡೆದುಹಾಕಿ ಅವಳಿಂದ ಶುರುಮಾಡಿ ಹೆಸರು ಬರೆಯಿರಿ, ಎಲ್ಲರನ್ನೂ ದಿಬ್ಬ ಹತ್ತಿಸಿ. ಆಗ ಬಟ್ಟೆಗಾತಿ ಎಂಬ ಕೆಲಸವೇ ಹುಟ್ಟುವುದಿಲ್ಲ, ಈ ಕಾಗದವೂ ಇರುವುದಿಲ್ಲ. ನನಗೆ ಬೇಕಾದದ್ದು ಅದೇ.

ಮಧ್ಯಾಹ್ನವಾಯಿತು. ಕೆಳಗಿನವರು ಊಟಕ್ಕೆ ಕಾಯುತ್ತಿದ್ದಾರೆ, ನಾನು ಹೋಗಿ ಬಟ್ಟೆ ಬಿಚ್ಚಬೇಕು; ಈ ಕೆಲಸ ಇನ್ನೂ ಇದೆ.

ಅಂದರೆ, ನೀವು ಬಿಚ್ಚಲಿಲ್ಲ.

ಹೂವಕ್ಕ